ಐದು ಬಿಲ್ ಪುಸ್ತಕ

ಕಳೆದ ನವೆಂಬರಿನ ಒಂದು ಮುಂಜಾನೆ ಬೆಟಗೇರಿಯ ನಮ್ಮ ಛಾಪಖಾನೆಗೆ ಖಡಕ್ ರೊಟ್ಟಿ ಮಾರುವ ಅಕ್ಕ ಒಬ್ಬರು ಬಂದಿದ್ದರು. ಮನೆಯಲ್ಲಿಯೇ ಇಬ್ಬರು ಹೆಣ್ಣುಮಕ್ಕಳನ್ನು ಕೂಡಿಸಿಕೊಂಡು ರೊಟ್ಟಿ ಬಡಿದು, ಶೇಂಗಾ ಚಟ್ನಿ, ಅಗಸಿ ಚಟ್ನಿ ಕುಟ್ಟಿ, ಸುತ್ತಲಿನ ಅಂಗಡಿಗಳಿಗೂ ಮದುವೆ ಮನೆಗಳಿಗೂ ಕೊಡುವವರು ಅವರು. ಅವರಿಗೆ ಐದು ಬಿಲ್ ಪುಸ್ತಕ ಬೇಕಾಗಿದ್ದವು. “ಎಲ್ಲಾ ಬರದ ಇಟಗೋರಿ ಅಂತ ನಮ್ಮ ಅಳಿಯಾ ಹೇಳ್ಯಾನ್ರಿ. ನಾಳೆ ಯಾರರೆ ಕೇಳಿದ್ರ ತೋರಸಾಕ ಬೇಕಲ್ರಿ” ಎಂದು, ಬೇರೆ ಯಾವುದೋ ಅಂಗಡಿಯ ಬಿಲ್ಲಿನ ಹಾಳೆಯೊಂದನ್ನು ಮಾದರಿಗೆಂದು ಮುಂದೆ ಹಿಡಿದರು. ಇಪ್ಪತ್ತು ಪುಸ್ತಕಕ್ಕಿಂತ ಕಡಿಮೆ ಮಾಡಿಕೊಡಲು ಆಗುವುದಿಲ್ಲ ಎಂದು ನಾನು ಹೇಳಿದೆ. ಅವರು ಚೌಕಾಶಿ ಮಾಡಲಿಲ್ಲ, ಸಿಟ್ಟಾಗಲೂ ಇಲ್ಲ. ಹಾಳೆಯನ್ನು ಮಡಚಿ ಚೀಲದಲ್ಲಿ ಇಟ್ಟುಕೊಳ್ಳುತ್ತ, “ನಿಮ್ಮಪ್ಪಾರು ಇದ್ದಾಗ ಒಂದ ಪುಸ್ತಕ ಕೇಳಿದ್ರೂ ಇಲ್ಲ ಅಂತಿರಲಿಲ್ರಿ” ಎಂದಷ್ಟೇ ಹೇಳಿ ಮೆಟ್ಟಿಲಿಳಿದು ಹೋದರು.

ಅವರು ಹೇಳಿದ್ದು ನಿಜ. ನಮ್ಮಪ್ಪ ಒಂದು ಪುಸ್ತಕಕ್ಕೂ ಇಲ್ಲ ಎನ್ನುತ್ತಿರಲಿಲ್ಲ. ಅಪ್ಪ ನನಗಿಂತ ಉದಾರಿಯಾಗಿದ್ದದ್ದು ಅದಕ್ಕೆ ಒಂದು ಕಾರಣ. ಆದರೆ ಅದೊಂದೇ ಕಾರಣವಲ್ಲ ಎಂಬುದನ್ನು ನಾನು ಮೂರು ತಿಂಗಳಿಂದ ಕಾಗದದ ಮೇಲೆ ಲೆಕ್ಕ ಹಾಕಿ ಹಾಕಿ ಕಂಡುಕೊಂಡಿದ್ದೇನೆ. ಆ ಲೆಕ್ಕವನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಗದಗ-ಬೆಟಗೇರಿ ಎಂದರೆ ಹೊರಗಿನವರಿಗೆ ಮೊದಲು ನೆನಪಾಗುವುದು ವೀರನಾರಾಯಣನ ಗುಡಿ, ಕುಮಾರವ್ಯಾಸ, ಪುಣ್ಯಾಶ್ರಮ. ಊರಿನ ಹೊಟ್ಟೆ ಹೊರೆದದ್ದು ಮಾತ್ರ ಹತ್ತಿ, ಮಗ್ಗ ಮತ್ತು ಮುದ್ರಣ. ಹತ್ತಿಪೇಟೆಯ ಅಡತಿ ಅಂಗಡಿಗಳಿಗೆ ಪಟ್ಟಿ ಪುಸ್ತಕ, ಕಿರ್ದಿ-ಖಾತೆ ವಹಿಗಳು, ಸಹಕಾರಿ ಸಂಘಗಳಿಗೆ ಪಾವತಿ ಪುಸ್ತಕ, ಮಠಗಳಿಗೆ ವಚನದ ಕಿರುಹೊತ್ತಿಗೆ, ನಾಟಕ ಕಂಪನಿಗಳಿಗೆ ಬಣ್ಣದ ಹ್ಯಾಂಡ್‌ಬಿಲ್, ಲಗ್ನಪತ್ರಿಕೆ, ಕ್ಯಾಲೆಂಡರ್, ಶಾಲಾ ನೋಟ್‌ಬುಕ್ಕು, ಹೀಗೆ ಎಲ್ಲವೂ ಇಲ್ಲಿಯ ಓಣಿಗಳಲ್ಲಿ ಅಚ್ಚಾಗಿ ಸುತ್ತಲಿನ ಜಿಲ್ಲೆಗಳಿಗೆ ಹೋಗುತ್ತಿದ್ದವು. 1905ರಲ್ಲಿ ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘ ಹುಟ್ಟಿದ ಕಣಗಿನಹಾಳ ನಮ್ಮ ಗದಗ ತಾಲ್ಲೂಕಿನದೇ. ಸಹಕಾರ ಸಂಘಗಳು ಬೆಳೆದಷ್ಟೂ ಅವುಗಳ ವಾರ್ಷಿಕ ವರದಿ, ಷೇರು ಪತ್ರ, ಪಾಸ್‌ಬುಕ್ಕುಗಳು ನಮ್ಮಂಥವರಿಗೆ ಕೆಲಸ ಕೊಟ್ಟವು. ಶ್ರಾವಣ ಬಂತೆಂದರೆ ವಾರ್ಷಿಕ ವರದಿಯ ಸುಗ್ಗಿ, ಏಪ್ರಿಲ್ ಬಂತೆಂದರೆ ನೋಟ್‌ಬುಕ್ಕಿನ ಸುಗ್ಗಿ, ದೀಪಾವಳಿಯ ಮುಂಚೆ ಹೊಸ ವಹಿಗಳ ಸುಗ್ಗಿ. ಅವುಗಳ ನಡುವಿನ ದಿನಗಳನ್ನು ತುಂಬುತ್ತಿದ್ದದ್ದು ಐದು ಪುಸ್ತಕ, ನೂರು ಪತ್ರಿಕೆ, ಇನ್ನೂರು ಹ್ಯಾಂಡ್‌ಬಿಲ್ಲಿನ ಸಣ್ಣ ಕೆಲಸಗಳು.

ಅಪ್ಪ 1978ರಲ್ಲಿ ಕಾಲಿನಿಂದ ತುಳಿದು ಓಡಿಸುವ ಒಂದು ಹಳೆಯ ಟ್ರೆಡಲ್ ಅಚ್ಚಿನ ಯಂತ್ರ ಕೊಂಡು ಪ್ರೆಸ್ ಶುರುಮಾಡಿದರು. ಆಗ ಗದಗ ಜಿಲ್ಲೆಯಾಗಿರಲಿಲ್ಲ, ಜಿಲ್ಲೆಯಾದದ್ದು 1997ರಲ್ಲಿ. ಪ್ರೆಸ್ ಇಡುವವನು ಮ್ಯಾಜಿಸ್ಟ್ರೇಟರ ಮುಂದೆ ಘೋಷಣೆ ಮಾಡಿ ಸಹಿ ಹಾಕಬೇಕು ಎಂಬುದು 1867ರ ಕಾಯ್ದೆಯ ನಿಯಮ. ಅದಕ್ಕಾಗಿ ಅಪ್ಪ ಧಾರವಾಡಕ್ಕೆ ಹೋಗಿ ಬಂದಿದ್ದರು. ಆ ಘೋಷಣೆಯ ಪ್ರತಿಗೆ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ್ದಾರೆ, ಅದು ಇಂದಿಗೂ ಇದೆ. ಬ್ರಿಟಿಷರ ಕಾಲದ ಆ ಕಾಯ್ದೆ ಹೋಗಿ 2024ರ ಮಾರ್ಚ್ 1ರಿಂದ ಹೊಸ ಕಾಯ್ದೆ ಬಂದಿದೆ. ಪ್ರೆಸ್ಸಿನವರು ಘೋಷಣೆ ಮಾಡುವ ಕಟ್ಟುಪಾಡು ಈಗಿಲ್ಲ. ಸರ್ಕಾರ ನಿಯಮಗಳನ್ನು ತೆಗೆಯುವುದೇ ಇಲ್ಲ ಎಂದು ದೂರುವವರಿಗೆ ನಾನು ಇದನ್ನು ತೋರಿಸುತ್ತೇನೆ. ನಲವತ್ತಾರು ವರ್ಷಗಳಲ್ಲಿ ಆ ನಿಯಮದಿಂದ ನಮಗೆ ಆದ ಖರ್ಚು ಧಾರವಾಡಕ್ಕೆ ಹೋಗಿಬಂದ ಬಸ್ ಚಾರ್ಜು ಮಾತ್ರ ಎಂಬುದನ್ನೂ ಹೇಳಬೇಕು.

ಟ್ರೆಡಲಿನ ಕಾಲದಲ್ಲಿ ಒಂದು ಪುಸ್ತಕದ ಕೆಲಸವೂ ಹೇಗೆ ಕೈಗೂಡುತ್ತಿತ್ತು ಎಂದರೆ, ಪ್ರತಿ ಕೆಲಸಕ್ಕೂ ಬೇರೆಯಾಗಿ ಮಾಡಿಸಬೇಕಾದ ಅಚ್ಚಿನ ತಗಡು, ಅಂದರೆ ಪ್ಲೇಟ್ ಎಂಬುದು ಅಲ್ಲಿರಲಿಲ್ಲ. ಅಕ್ಷರದ ಮೊಳೆಗಳನ್ನು ಜೋಡಿಸಿ, ಸುತಳಿಯಿಂದ ಬಿಗಿದು, ಅಚ್ಚು ಮಾಡಿ, ಮತ್ತೆ ಬಿಚ್ಚಿ ಖಾನೆಗಳಿಗೆ ಹಾಕಿದರೆ ಅದೇ ಮೊಳೆ ನಾಳೆ ಬೇರೆಯವರ ಹೆಸರಾಗುತ್ತಿತ್ತು. ಪದೇ ಪದೇ ಬರುವ ಗಿರಾಕಿಗಳ ಚೌಕಟ್ಟನ್ನು ಬಿಚ್ಚದೆ ಹಾಗೆಯೇ ಕಟ್ಟಿ ಇಡುತ್ತಿದ್ದರು. ಖರ್ಚೆಂದರೆ ಕಾಗದ, ಶಾಯಿ ಮತ್ತು ಮೈಮುರಿಯುವ ದುಡಿಮೆ. ಆ ದುಡಿಮೆಗೆ ಅಪ್ಪ ಸರಿಯಾದ ಕೂಲಿಯನ್ನು ತಮಗೆ ತಾವೇ ಎಂದೂ ಕಟ್ಟಿಕೊಂಡಿರಲಿಲ್ಲ. ಸೀಸದ ಮೊಳೆಗಳ ನಡುವೆ ಮೂವತ್ತು ವರ್ಷ ಉಸಿರಾಡಿದ, ಕಟಿಂಗ್ ಮಶಿನ್ನಿಗೆ ಬಲಗೈಯ ತೋರುಬೆರಳಿನ ತುದಿ ಕಳೆದುಕೊಂಡ ಅವರ ಬದುಕನ್ನು ಸುವರ್ಣಯುಗ ಎಂದು ಕರೆಯಲು ನನಗೆ ಮನಸ್ಸು ಒಪ್ಪುವುದಿಲ್ಲ. ನಾನು 2006ರಲ್ಲಿ ಮಿನಿ ಆಫ್‌ಸೆಟ್ ಯಂತ್ರ ಹಾಕಿದಾಗ, ಕಂಪ್ಯೂಟರಿನಲ್ಲಿ ಶ್ರೀಲಿಪಿ ತಂತ್ರಾಂಶದಿಂದ ಅಕ್ಷರ ಜೋಡಿಸುವುದನ್ನು ಕಲಿತಾಗ, ಎಲ್ಲರಿಗಿಂತ ಹೆಚ್ಚು ಖುಷಿಪಟ್ಟವರು ಅವರೇ.

ಆದರೆ ಆಫ್‌ಸೆಟ್ಟಿನ ಲೆಕ್ಕ ಬೇರೆ. ಐದು ಪುಸ್ತಕಕ್ಕೂ ಐವತ್ತು ಪುಸ್ತಕಕ್ಕೂ ಪ್ಲೇಟ್ ಒಂದೇ, ಡಿಟಿಪಿ ಒಂದೇ, ಯಂತ್ರವನ್ನು ಹದಕ್ಕೆ ತರುವಷ್ಟರಲ್ಲಿ ರದ್ದಿಯಾಗುವ ಹಾಳೆಗಳೂ ಹೆಚ್ಚುಕಡಿಮೆ ಅಷ್ಟೇ. ಹಾಗಿದ್ದರೂ ಹತ್ತು ವರ್ಷಗಳ ಹಿಂದೆ ನಾನು ಐದು ಪುಸ್ತಕದ ಕೆಲಸ ಒಪ್ಪುತ್ತಿದ್ದೆ. ಅದರಲ್ಲಿ ಲಾಭವಿರಲಿಲ್ಲ, ನಷ್ಟವೂ ಇರಲಿಲ್ಲ. ಆ ಗಿರಾಕಿಯೇ ಮಗಳ ಲಗ್ನಪತ್ರಿಕೆಗೆ ಮತ್ತೆ ಬರುತ್ತಾನೆ ಎಂಬ ನಂಬಿಕೆಯಿತ್ತು. ಅಂದಿನಿಂದ ಇಂದಿನವರೆಗೆ ಆ ಐದು ಪುಸ್ತಕದ ಮೇಲೆ ಏನೇನು ಭಾರ ಬಿದ್ದಿತು ಎಂದು ನೋಡುತ್ತ ಹೋದರೆ ಮೊದಲು ಕಾಣುವುದು ಕಾಗದ.

2021ರ ಬೇಸಗೆಯಲ್ಲಿ ಕಿಲೋಗೆ ಅರವತ್ತು ರೂಪಾಯಿಯ ಆಸುಪಾಸಿನಲ್ಲಿ ತಂದಿದ್ದ ಮ್ಯಾಪ್‌ಲಿಥೋ ಎಂಬ ಅಚ್ಚಿನ ಬಿಳಿ ಕಾಗದ ಮುಂದಿನ ವರ್ಷದ ಕೊನೆಗೆ ನೂರರ ಹತ್ತಿರ ಬಂದಿತ್ತೆಂದು ನನ್ನ ಖರೀದಿ ವಹಿಯಲ್ಲಿದೆ. ದಾಂಡೇಲಿಯ ಕಾಗದ ಕಾರ್ಖಾನೆ ನಮ್ಮಿಂದ ನೂರು ಮೈಲಿ ದೂರವೂ ಇಲ್ಲ, ಆದರೆ ಕಾಗದದ ದರ ದಾಂಡೇಲಿಯ ಬಿದಿರನ್ನು ನೋಡಿ ನಿಗದಿಯಾಗುವುದಿಲ್ಲ. ಚೀನಾ 2021ರ ಜನವರಿಯಿಂದ ರದ್ದಿ ಕಾಗದದ ಆಮದನ್ನು ಪೂರ್ತಿ ನಿಲ್ಲಿಸಿತು. ಅಲ್ಲಿಯ ಕಾರ್ಖಾನೆಗಳು ಹೊರಗಿನಿಂದ ತಿರುಳನ್ನೂ ಸಿದ್ಧ ಕಾಗದವನ್ನೂ ಕೊಳ್ಳತೊಡಗಿದವು. ಹಡಗಿನ ಬಾಡಿಗೆ ಏರಿತು, ಕಲ್ಲಿದ್ದಲು ತುಟ್ಟಿಯಾಯಿತು, ಉಕ್ರೇನಿನ ಯುದ್ಧ ಬಂತು. ಇವುಗಳಲ್ಲಿ ಯಾವುದನ್ನೂ ಬೆಟಗೇರಿಯಲ್ಲಿ ಕುಳಿತು ತಡೆಯಲಾಗದು. ದೊಡ್ಡ ಪ್ರೆಸ್ಸಿನವರು ದರ ಏರುವ ಸುಳಿವು ಸಿಕ್ಕೊಡನೆ ಲಾರಿಗಟ್ಟಲೆ ತಂದು ಇಟ್ಟುಕೊಳ್ಳುತ್ತಾರೆ. ನಾನು ಹತ್ತು ರೀಮು, ಇಪ್ಪತ್ತು ರೀಮು ಎಂದು ವಾರಕ್ಕೊಮ್ಮೆ ತರುವವನು, ಏರಿದ ದರವೆಲ್ಲ ಅದೇ ವಾರ ನನ್ನ ತಲೆಯ ಮೇಲೆ ಬೀಳುತ್ತದೆ. ಗಿರಾಕಿಗೆ ಮಾತ್ರ ಹೋದ ವರ್ಷದ ದರವೇ ನೆನಪಿರುತ್ತದೆ.

ವಿದ್ಯುತ್ತಿನ ವಿಷಯದಲ್ಲಿ ಹೆಚ್ಚು ಹೇಳುವುದಿಲ್ಲ. 2023ರ ಮೇ ತಿಂಗಳ ಆದೇಶದಲ್ಲಿ ಯೂನಿಟ್ಟಿಗೆ ಸರಾಸರಿ 70 ಪೈಸೆ ಏರಿತು, ಜೂನಿನ ಬಿಲ್ಲು ಕಂಡು ಎಲ್ಲರಿಗೂ ಎದೆ ಧಸಕ್ಕೆಂದಿತು. ಹುಬ್ಬಳ್ಳಿಯಲ್ಲಿ 1928ರಿಂದ ಇರುವ ಕರ್ನಾಟಕ ವಾಣಿಜ್ಯೋದ್ಯಮ ಸಂಸ್ಥೆಯು ಜೂನ್ 22ರಂದು ಬಂದ್‌ಗೆ ಕರೆಕೊಟ್ಟಿತು, ನಾನೂ ಅಂದು ಬಾಗಿಲು ಹಾಕಿದ್ದೆ. ನನ್ನನ್ನು ಹೆಚ್ಚು ಕಾಡುವುದು ಯೂನಿಟ್ಟಿನ ದರಕ್ಕಿಂತ ನಿಗದಿತ ಶುಲ್ಕ. ಯಂತ್ರ ಓಡಿದರೂ ಓಡದಿದ್ದರೂ, ಮಂಜೂರಾದ ಭಾರಕ್ಕೆ ತಕ್ಕಂತೆ ಅದನ್ನು ತೆರಲೇಬೇಕು. ಪಿತೃಪಕ್ಷದಲ್ಲಿ ಹದಿನೈದು ದಿನ ಲಗ್ನಪತ್ರಿಕೆಯ ಕೆಲಸವೇ ಇಲ್ಲದೆ ಯಂತ್ರ ಮುಸುಕು ಹಾಕಿಕೊಂಡು ನಿಂತಿದ್ದರೂ ಆ ಶುಲ್ಕ ನಿಲ್ಲುವುದಿಲ್ಲ.

ಇನ್ನು ತೆರಿಗೆ. ಇಲ್ಲಿ ನಾನು ನಿಧಾನವಾಗಿ ಬರೆಯಬೇಕು, ಏಕೆಂದರೆ ಹೊರಗಿನವರಿಗೆ ಇದು ತೆರಿಗೆ ತಪ್ಪಿಸುವವನ ಗೋಳಾಟದಂತೆ ಕೇಳಿಸಬಹುದು. 2017ರಲ್ಲಿ ಜಿಎಸ್‌ಟಿ ಬಂದಾಗ ನಾನು ಸಂತೋಷಪಟ್ಟವರಲ್ಲಿ ಒಬ್ಬ. ಚೆಕ್‌ಪೋಸ್ಟುಗಳಲ್ಲಿ ಕಾಗದದ ಲಾರಿ ಕಾಯುವುದು ತಪ್ಪಿತು. ಒಂದೂವರೆ ಕೋಟಿಯೊಳಗಿನ ವಹಿವಾಟಿನ ಸಣ್ಣ ತಯಾರಕರಿಗೆ ಕಾಂಪೊಸಿಷನ್ ಎಂಬ ರಾಜಿ ಪದ್ಧತಿ ಇದೆ. ಮೂರು ತಿಂಗಳಿಗೊಮ್ಮೆ ವಹಿವಾಟಿನ ನೂರಕ್ಕೆ ಒಂದು ರೂಪಾಯಿ ಕಟ್ಟಿದರೆ ಮುಗಿಯಿತು. ನನ್ನಂಥವನಿಗಾಗಿಯೇ ಮಾಡಿದ ನಿಯಮ ಎಂದುಕೊಂಡೆ.

ಆದರೆ ನಾನು ತಯಾರಕನೋ ಸೇವೆ ಕೊಡುವವನೋ ಎಂಬ ಪ್ರಶ್ನೆ ಎದ್ದಿತು. 2017ರ ಅಕ್ಟೋಬರ್ 20ರ ಕೇಂದ್ರದ ಸುತ್ತೋಲೆಯ ಪ್ರಕಾರ, ಗಿರಾಕಿ ಕೊಟ್ಟ ಬರಹವನ್ನು ನಾನು ನನ್ನ ಕಾಗದದ ಮೇಲೆ ಪುಸ್ತಕ, ಕಿರುಹೊತ್ತಿಗೆ, ವಾರ್ಷಿಕ ವರದಿಯಾಗಿ ಅಚ್ಚು ಹಾಕಿದರೆ ಅದು ಸೇವೆ. ಲಕೋಟೆಯ ಮೇಲೆ ಅವನ ಹೆಸರು, ಗುರುತನ್ನು ಅಚ್ಚು ಹಾಕಿ ಕೊಟ್ಟರೆ ಅದು ಸರಕು. ಒಂದೇ ಯಂತ್ರ, ಒಂದೇ ಶಾಯಿ, ಒಂದೇ ದಿನ. ಸಂಘದ ವಾರ್ಷಿಕ ವರದಿ ಒಂದು ಕಡೆಗೆ, ಆ ವರದಿಯನ್ನು ಹಾಕಿ ಕಳಿಸುವ ಲಕೋಟೆ ಇನ್ನೊಂದು ಕಡೆಗೆ. ಜಿಎಸ್‌ಟಿ ನೋಂದಣಿ ಕಡ್ಡಾಯವಾಗುವ ವರ್ಷದ ವಹಿವಾಟಿನ ಮಿತಿ ಸರಕಿನವರಿಗೆ 40 ಲಕ್ಷ, ಸೇವೆಯವರಿಗೆ 20 ಲಕ್ಷ. ನೂರಕ್ಕೆ ಒಂದರ ರಾಜಿಯಲ್ಲಿ ಇರುವವರು ಸೇವೆ ಕೊಡಬಹುದಾದದ್ದು ವಹಿವಾಟಿನ ಹತ್ತನೇ ಒಂದು ಭಾಗ ಅಥವಾ 5 ಲಕ್ಷ, ಯಾವುದು ಹೆಚ್ಚೋ ಅಷ್ಟು. ಎರಡು ಮಠದ ಪುಸ್ತಕ, ನಾಲ್ಕು ಸಂಘದ ವರದಿ ಬಂದ ವರ್ಷ ನನ್ನ ಸೇವೆ ಆ ಗೆರೆಯನ್ನು ದಾಟಿತು. ಸುತ್ತೋಲೆ ಬರೆದವರು ತಪ್ಪು ಬರೆದಿದ್ದಾರೆಂದು ನಾನು ಹೇಳಲಾರೆ. ದೊಡ್ಡ ಪ್ರಕಾಶಕರ ಮತ್ತು ದೊಡ್ಡ ಪ್ಯಾಕಿಂಗ್ ಕಾರ್ಖಾನೆಗಳ ನಡುವಿನ ವ್ಯತ್ಯಾಸ ಬಿಡಿಸಲು ಅದು ಬೇಕಾಗಿತ್ತು. ಎರಡೂ ಕೆಲಸಗಳನ್ನು ಒಂದೇ ಮಧ್ಯಾಹ್ನ ಮಾಡುವ ಪ್ರೆಸ್ಸೊಂದು ಬೆಟಗೇರಿಯಲ್ಲಿದೆ ಎಂಬುದು ಅವರ ಕಣ್ಣಮುಂದೆ ಇರಲಿಲ್ಲ, ಅಷ್ಟೇ.

ರಾಜಿ ಪದ್ಧತಿಯಿಂದ ನಾನು ಹೊರಬಂದದ್ದಕ್ಕೆ ಇನ್ನೊಂದು ಕಾರಣವೂ ಇತ್ತು. ಅದರಲ್ಲಿರುವವನು ಗಿರಾಕಿಗೆ ತೆರಿಗೆಯ ಇನ್‌ವಾಯ್ಸ್ ಕೊಡುವಂತಿಲ್ಲ. ಹಾಗಾಗಿ ನನ್ನಿಂದ ಕೊಂಡ ಜಿನ್ನಿಂಗ್ ಕಾರ್ಖಾನೆಗೆ, ಬೀಜದ ಅಂಗಡಿಗೆ ತೆರಿಗೆಯ ಹಿಂಪಡೆತ, ಅಂದರೆ ಖರೀದಿಯ ಮೇಲೆ ಕೊಟ್ಟ ತೆರಿಗೆಯನ್ನು ತಾವು ಕಟ್ಟಬೇಕಾದದ್ದರಲ್ಲಿ ಕಳೆದುಕೊಳ್ಳುವ ಅವಕಾಶ, ಸಿಗುವುದಿಲ್ಲ. “ಬಿಲ್ ಸರಿ ಇಲ್ಲಂದ್ರ ನಮ್ಮ ಆಡಿಟರು ಒಪ್ಪೂದಿಲ್ರಿ” ಎಂದು ಒಬ್ಬೊಬ್ಬರೇ ಹುಬ್ಬಳ್ಳಿಯ ದೊಡ್ಡ ಪ್ರೆಸ್ಸುಗಳ ಕಡೆ ತಿರುಗಿದರು. ಅವರನ್ನು ಉಳಿಸಿಕೊಳ್ಳಲೆಂದು ಸಾಮಾನ್ಯ ಪದ್ಧತಿಗೆ ಬಂದೆ. 2022ರ ಜನವರಿಯಿಂದ ಕೊಂಡವನಿಗೆ ಹಿಂಪಡೆತ ಸಿಗಬೇಕಾದರೆ ಮಾರಿದವನ ರಿಟರ್ನಿನಲ್ಲಿ ಆ ಬಿಲ್ಲು ಕಾಣಲೇಬೇಕು. ಅಂದರೆ ಯಂತ್ರದ ಮುಂದೆ ನಿಂತಿರಬೇಕಾದ ದಿನ ನಾನು ಬಿಲ್ಲುಗಳನ್ನು ಹರವಿಕೊಂಡು ಕುಳಿತಿರುತ್ತೇನೆ. ಲೆಕ್ಕ ನೋಡುವ ಹುಡುಗನಿಗೆ ತಿಂಗಳಿಗೆ 1,500 ರೂಪಾಯಿ ಕೊಡುತ್ತೇನೆ. ಅವನು ಮಾಡುವ ಕೆಲಸಕ್ಕೆ ಅದು ಹೆಚ್ಚಲ್ಲ. ರಿಟರ್ನ್ ತುಂಬುವುದು ಒಂದು ದಿನ ತಡವಾದರೆ 50 ರೂಪಾಯಿ ದಂಡ, ಹತ್ತು ದಿನಕ್ಕೆ 500. ನನ್ನ ಹತ್ತು ಪಟ್ಟು ವಹಿವಾಟಿರುವ ಪ್ರೆಸ್ಸೂ ತುಂಬುವುದು ಹೆಚ್ಚುಕಡಿಮೆ ಇವೇ ನಮೂನೆಗಳನ್ನು, ಆದರೆ ಅಲ್ಲಿ ಅದಕ್ಕಾಗಿಯೇ ಒಬ್ಬರು ಕುರ್ಚಿ ಹಾಕಿಕೊಂಡು ಕುಳಿತಿರುತ್ತಾರೆ, ಯಂತ್ರ ಅದರ ಪಾಡಿಗೆ ಓಡುತ್ತಿರುತ್ತದೆ. ನನ್ನ ಪ್ರೆಸ್ಸಿನಲ್ಲಿ ಡಿಟಿಪಿ ಮಾಡುವವನೂ, ಪ್ಲೇಟ್ ಕಟ್ಟುವವನೂ, ಗಿರಾಕಿಯೊಡನೆ ಮಾತಾಡುವವನೂ, ಬಿಲ್ಲು ಜೋಡಿಸುವವನೂ ನಾನೇ. ಐದು ಪುಸ್ತಕದ ಕೆಲಸಕ್ಕೂ ಒಂದು ಬಿಲ್ಲು, ಒಂದು ನಮೂದು, ಒಂದು ಹೊಂದಾಣಿಕೆ. ಸಣ್ಣ ಕೆಲಸವೆಂದು ಅದರ ಲೆಕ್ಕವೇನೂ ಸಣ್ಣದಾಗುವುದಿಲ್ಲ.

2025ರ ಸೆಪ್ಟೆಂಬರ್ 22ರಂದು ಜಿಎಸ್‌ಟಿ ದರಗಳಲ್ಲಾದ ಬದಲಾವಣೆಯ ಬಗ್ಗೆ ಪತ್ರಿಕೆಗಳಲ್ಲಿ ಬಹಳ ಹೊಗಳಿಕೆ ಬಂತು, ಅದರಲ್ಲಿ ಹೊಗಳಬೇಕಾದದ್ದೂ ಇತ್ತು. ರೊಟ್ಟಿಯ ಮೇಲಿನ ತೆರಿಗೆ ಸೊನ್ನೆಯಾಯಿತು, ಮಕ್ಕಳ ನೋಟ್‌ಬುಕ್ಕಿನ ಮೇಲಿನ 12 ಪ್ರತಿಶತ ಸೊನ್ನೆಯಾಯಿತು. ಶಾಲೆಗೆ ಹೋಗುವ ಮಗುವಿನ ಪಟ್ಟಿ ಪುಸ್ತಕಕ್ಕೆ ತೆರಿಗೆ ಇರಕೂಡದು ಎಂಬುದು ನನ್ನ ಅಭಿಪ್ರಾಯ ಕೂಡ. ನೋಟ್‌ಬುಕ್ಕಿಗೆ ಬಳಸುವ ಕಾಗದಕ್ಕೂ ತೆರಿಗೆ ಸೊನ್ನೆ. ಆದರೆ ಅದೇ ಬಿಳಿ ಕಾಗದ ಬೇರೆ ಕೆಲಸಕ್ಕಾದರೆ 12ರಿಂದ 18ಕ್ಕೆ ಏರಿತು. ರೀಮು ನೋಡಲು ಒಂದೇ. ಅದರ ಮೇಲೆ ಗೆರೆ ಎಳೆದು ಮಗುವಿಗೆ ಕೊಟ್ಟರೆ ಸೊನ್ನೆ, ಗೆರೆ ಎಳೆದು ಅಂಗಡಿಯವನಿಗೆ ವಹಿಯಾಗಿ ಕೊಟ್ಟರೆ 18. ಕಾಗದದ ವ್ಯಾಪಾರಿ ನನಗೆ ಮಾರುವಾಗ ನಾನು ಅದನ್ನು ಏನು ಮಾಡುತ್ತೇನೆಂದು ಹೇಗೆ ತಿಳಿಯಬೇಕು? ಅವರು ಜೋಪಾನವಾಗಿರಲೆಂದು 18 ಹಾಕಿಯೇ ಬಿಲ್ ಮಾಡುತ್ತಾರೆ. ನೋಟ್‌ಬುಕ್ಕಿಗೆ ನಾನು ತೆರಿಗೆ ಹಾಕುವಂತಿಲ್ಲವಾದ್ದರಿಂದ, ಅದರ ರಟ್ಟು, ಶಾಯಿ, ಪಿನ್ನಿನ ತಂತಿಗೆ ಕೊಟ್ಟ ತೆರಿಗೆ ಹಿಂದಕ್ಕೆ ಬರುವುದಿಲ್ಲ, ನನ್ನ ಖರ್ಚಿಗೇ ಸೇರುತ್ತದೆ. ಜೂನಿನಲ್ಲಿ ಮಾರಾಟವಾಗದೆ ಉಳಿದಿದ್ದ ನೋಟ್‌ಬುಕ್ಕಿನ ಕಟ್ಟುಗಳಿಗೆ ಮೊದಲು ಪಡೆದಿದ್ದ ಹಿಂಪಡೆತವನ್ನೂ ಲೆಕ್ಕ ಹಾಕಿ ಮರಳಿಸಬೇಕಾಯಿತು. ಆ ಸೆಪ್ಟೆಂಬರ್ 22ರಂದೇ ಘಟಸ್ಥಾಪನೆ. ಮನೆಯಲ್ಲಿ ಅವ್ವ ಘಟಕ್ಕೆ ದೀಪ ಹಚ್ಚುತ್ತಿದ್ದಾಗ ನಾನು ಗೋದಾಮಿನಲ್ಲಿ ಕಟ್ಟು ಎಣಿಸುತ್ತಿದ್ದೆ. ಖಂಡೇಪೂಜೆಯ ದಿನ ಯಂತ್ರಕ್ಕೆ ಹೂವೇರಿಸುವ ಹೊತ್ತಿಗೂ ಆ ಲೆಕ್ಕ ಮುಗಿದಿರಲಿಲ್ಲ.

ನಮಗೆ ಒಳಿತು ಮಾಡಲೆಂದೇ ತಂದ ನಿಯಮವೊಂದು ಹೇಗೆ ತಿರುಗಿಬಿತ್ತು ಎಂಬುದನ್ನೂ ಹೇಳಲೇಬೇಕು. ಸಣ್ಣ ಉದ್ಯಮಗಳಿಗೆ ಕೊಡಬೇಕಾದ ಹಣವನ್ನು ಒಪ್ಪಂದವಿದ್ದರೆ 45 ದಿನದೊಳಗೆ, ಇಲ್ಲದಿದ್ದರೆ 15 ದಿನದೊಳಗೆ ಕೊಡಬೇಕು, ಹಾಗೆ ಕೊಡದವರಿಗೆ ಆ ವರ್ಷ ಆದಾಯ ತೆರಿಗೆಯಲ್ಲಿ ಆ ಖರ್ಚನ್ನು ಕಳೆಯಲು ಬಿಡುವುದಿಲ್ಲ ಎಂಬ ನಿಯಮ 2023-24ರ ಲೆಕ್ಕದಿಂದ ಜಾರಿಗೆ ಬಂತು. ನಮ್ಮ ವ್ಯಾಪಾರ ನಿಂತಿರುವುದು ಉದ್ರಿಯ ಮೇಲೆ. ಆರು ತಿಂಗಳು ಬಾಕಿ ಇಡುವ ಸಂಸ್ಥೆಗಳನ್ನು ಬಲ್ಲವನಾದ ನಾನು ಆ ನಿಯಮವನ್ನು ಓದಿ ನಿಟ್ಟುಸಿರು ಬಿಟ್ಟಿದ್ದೆ. 2024ರ ಮಾರ್ಚಿನಲ್ಲಿ ಗಿರಾಕಿಯೊಬ್ಬರು ಕರೆಮಾಡಿ, ಸಣ್ಣ ಉದ್ಯಮವೆಂಬ ನಿಮ್ಮ ಉದ್ಯಮ್ ನೋಂದಣಿ ಇದ್ದರೆ ನಮಗೆ ತೊಂದರೆ, ರದ್ದು ಮಾಡಿಸಿಕೊಂಡರೆ ಕೆಲಸ ಮುಂದುವರಿಸೋಣ ಎಂದರು. ನಾನು ರದ್ದು ಮಾಡಿಸಲಿಲ್ಲ. ಹದಿನಾಲ್ಕು ವರ್ಷ ನಮ್ಮಲ್ಲಿ ಅಚ್ಚಾಗುತ್ತಿದ್ದ ಅವರ ಪಾವತಿ ಪುಸ್ತಕಗಳು ಈಗ ಬೇರೆ ಕಡೆ ಅಚ್ಚಾಗುತ್ತಿವೆ.

ಎಲ್ಲ ನಿಯಮಗಳನ್ನೂ ನಾನು ದೂರುತ್ತಿದ್ದೇನೆಂದು ಯಾರೂ ತಿಳಿಯಬಾರದು. ಚುನಾವಣೆಯ ಕರಪತ್ರದ ಮೇಲೆ ಮುದ್ರಕ ಮತ್ತು ಪ್ರಕಾಶಕನ ಹೆಸರು, ವಿಳಾಸ ಇರಬೇಕು, ಅಚ್ಚು ಹಾಕಿಸುವವನಿಂದ ಇಬ್ಬರು ಸಾಕ್ಷಿಗಳ ಸಹಿಯಿರುವ ಘೋಷಣೆ ಪಡೆದು ಪ್ರತಿಯೊಂದಿಗೆ ಅಧಿಕಾರಿಗಳಿಗೆ ಕಳಿಸಬೇಕು, ತಪ್ಪಿದರೆ ಆರು ತಿಂಗಳವರೆಗೆ ಸೆರೆಮನೆ ಎನ್ನುತ್ತದೆ 1951ರ ಪ್ರಜಾಪ್ರಾತಿನಿಧ್ಯ ಕಾಯ್ದೆಯ 127ಎ ಕಲಮು. ಆ ನಿಯಮ ನನಗೆ ಕೆಲಸ ಹೆಚ್ಚಿಸುತ್ತದೆ, ಆದರೂ ಅದನ್ನು ನಾನು ಮನಸಾರೆ ಪಾಲಿಸುತ್ತೇನೆ, ಏಕೆಂದರೆ ಹೆಸರಿಲ್ಲದ ಹಾಳೆ ಊರಿನ ಶಾಂತಿ ಕೆಡಿಸಿದ್ದನ್ನು ಕಂಡಿದ್ದೇನೆ. ಕಟಿಂಗ್ ಮಶಿನ್ನಿಗೆ ರಕ್ಷಾಕವಚ ಇರಲೇಬೇಕು ಎಂಬುದಕ್ಕೆ ಅಪ್ಪನ ಬೆರಳೇ ಸಾಕ್ಷಿ. ಇವು ಏಕೆಂದು ಕೇಳಿದರೆ ಒಂದು ವಾಕ್ಯದಲ್ಲಿ ಹೇಳಬಹುದಾದ ನಿಯಮಗಳು. ಒಂದು ರೀಮು ಕಾಗದಕ್ಕೆ ಎರಡು ತೆರಿಗೆ ಏಕೆಂದು ನಮ್ಮ ಬೈಂಡಿಂಗ್ ಕೆಲಸದ ಹೆಣ್ಣುಮಗಳು ಕೇಳಿದಾಗ ನನಗೆ ಉತ್ತರ ಹೊಳೆಯಲಿಲ್ಲ.

ರೊಟ್ಟಿ ಅಕ್ಕ ಬಿಲ್ ಪುಸ್ತಕ ಕೇಳಲು ಬಂದದ್ದೂ ಒಂದು ನಿಯಮದ ದೆಸೆಯಿಂದಲೇ. 2025ರ ಜುಲೈಯಲ್ಲಿ ವಾಣಿಜ್ಯ ತೆರಿಗೆ ಇಲಾಖೆಯು 2021-22ರಿಂದ ಈಚಿನ ಯುಪಿಐ ಪಾವತಿಗಳನ್ನು ನೋಡಿ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿತು. ನಮ್ಮ ಪಕ್ಕದ ಹಾವೇರಿಯಲ್ಲಿ ತರಕಾರಿ ಮಾರುವವರೊಬ್ಬರಿಗೆ, ನಾಲ್ಕು ವರ್ಷಗಳ 1.63 ಕೋಟಿಯ ವಹಿವಾಟಿಗೆ, 29 ಲಕ್ಷ ಕಟ್ಟಬೇಕೆಂದು ನೋಟಿಸ್ ಬಂದದ್ದು ದೇಶದ ಪತ್ರಿಕೆಗಳಲ್ಲೆಲ್ಲ ಸುದ್ದಿಯಾಯಿತು. ತಾಜಾ ತರಕಾರಿಗೆ ತೆರಿಗೆಯೇ ಇಲ್ಲ. ಜುಲೈ 23ರಂದು ಮುಖ್ಯಮಂತ್ರಿಗಳು ವ್ಯಾಪಾರಿಗಳ ಪ್ರತಿನಿಧಿಗಳನ್ನು ಕರೆಸಿ, ಹಳೆಯ ಬಾಕಿ ವಸೂಲಿ ಮಾಡುವುದಿಲ್ಲ, ಆದರೆ ಮಿತಿ ಮೀರಿದವರು ನೋಂದಣಿ ಮಾಡಿಕೊಳ್ಳಲೇಬೇಕು ಎಂದರು. ವ್ಯಾಪಾರಿಗಳು ಕರೆಕೊಟ್ಟಿದ್ದ ಜುಲೈ 25ರ ಬಂದ್ ನಿಂತಿತು. ಅಷ್ಟರಲ್ಲಿ ನಮ್ಮ ಓಣಿಯ ಚಹಾದಂಗಡಿಯ ಕ್ಯೂಆರ್ ಹಾಳೆ ಕಿತ್ತುಹೋಗಿತ್ತು, ಕಿರಾಣಿಯವರು ‘ರೊಕ್ಕ ಕೊಡ್ರಿ’ ಎಂದು ರಟ್ಟಿನ ಮೇಲೆ ಬರೆದು ಹಾಕಿದ್ದರು. ಆ ಭಯ ಇನ್ನೂ ಪೂರ್ತಿ ಹೋಗಿಲ್ಲ. ಅದರ ಜೊತೆಗೆ ಬರೆದಿಡಬೇಕೆಂಬ ಎಚ್ಚರವೂ ಕೆಲವರಲ್ಲಿ ಬಂತು. ರೊಟ್ಟಿ ಅಕ್ಕನ ವಹಿವಾಟು ಯಾವ ಮಿತಿಯ ಹತ್ತಿರಕ್ಕೂ ಹೋಗುವುದಿಲ್ಲ, ಆದರೂ ಅವರು ಲೆಕ್ಕ ಇಡಲು ಮುಂದಾದರು. ಸರ್ಕಾರಕ್ಕೆ ಬೇಕಾದದ್ದೂ ಅದೇ ಅಲ್ಲವೇ? ಹಾಗೆ ಲೆಕ್ಕ ಇಡಲು ಬಯಸಿದ ಹೆಣ್ಣುಮಗಳಿಗೆ ಬೇಕಾಗಿದ್ದ ಐದು ಪುಸ್ತಕವನ್ನು, ಲೆಕ್ಕದ ಪುಸ್ತಕಗಳಿಗೆಂದೇ ಹೆಸರಾದ ಊರಿನಲ್ಲಿ, ನಾನು ಮಾಡಿಕೊಡಲಿಲ್ಲ.

ಇದನ್ನೇ ನಾನು ಮೂರು ತಿಂಗಳಿಂದ ಯೋಚಿಸುತ್ತಿರುವುದು. ದೊಡ್ಡ ಕೆಲಸ ಇವತ್ತಿಗೂ ಬರುತ್ತದೆ, ಅದರಲ್ಲಿ ತುಸು ಉಳಿಯುತ್ತದೆ. ಸಾಯುತ್ತಿರುವುದು ಸಣ್ಣ ಕೆಲಸ. ತನ್ನ ಮೇಲೆ ಬಿದ್ದ ಪ್ಲೇಟು, ನಿಗದಿತ ಶುಲ್ಕ, ನಮೂದು, ಹೊಂದಾಣಿಕೆಗಳನ್ನು ಹೊರುವ ಶಕ್ತಿ ಅದಕ್ಕಿಲ್ಲ. ಅದನ್ನು ಬಿಟ್ಟರೆ ಅದರ ಜೊತೆಗೆ ಹಳ್ಳಿಯ ನಾಟಕದ ಹ್ಯಾಂಡ್‌ಬಿಲ್ಲು ಹೋಗುತ್ತದೆ, ಬಡವರ ಮನೆಯ ನೂರು ಲಗ್ನಪತ್ರಿಕೆ ಹೋಗುತ್ತದೆ, ದರ್ಜಿಯ ಪಾವತಿ ಪುಸ್ತಕ ಹೋಗುತ್ತದೆ. ವಾಟ್ಸ್ಆಪ್ ಬಂದು ಪತ್ರಿಕೆಗಳು ಕಡಿಮೆಯಾದದ್ದು ಬೇರೆ ಮಾತು. ಕಾಲ ಬದಲಾಗಿ ಹೋಗುವ ಕೆಲಸಕ್ಕೆ ನಾನು ಅಳುವುದಿಲ್ಲ. ಗಿರಾಕಿ ಬಾಗಿಲಿಗೆ ಬಂದು ನಿಂತು ಕೇಳುವ ಕೆಲಸವನ್ನೂ ಮಾಡಲಾಗದಿದ್ದರೆ ಅದು ಕಾಲದ ಕೈವಾಡವಲ್ಲ. ವರ್ಷದ ನಡುವೆ ದರ ಬದಲಿಸದಿರುವುದು, ಕಾಗದಕ್ಕೆ ಕಾಗದವೆಂದು ಒಂದೇ ದರ ಹಾಕುವುದು, ಸಂಶಯ ಬಂದಾಗ ಹೋಗಿ ಕೇಳಿದರೆ ಬರವಣಿಗೆಯಲ್ಲಿ ಉತ್ತರ ಕೊಡುವ ಒಬ್ಬ ಅಧಿಕಾರಿ ಜಿಲ್ಲೆಯಲ್ಲಿರುವುದು, ಇಷ್ಟಾದರೆ ನನಗೆ ತಿಂಗಳಿಗೆ ನಾಲ್ಕು ದಿನ ಮರಳಿ ಸಿಗುತ್ತವೆ. ಆ ನಾಲ್ಕು ದಿನ ಐದು ಪುಸ್ತಕಗಳ ಕೆಲಸಕ್ಕೆ ಸಾಕು.

ಜಿನ್ನಿಂಗ್ ಕಾರ್ಖಾನೆಯಂಥ ಗಿರಾಕಿಗಳನ್ನು ಬಿಟ್ಟು, ನೋಂದಣಿ ರದ್ದು ಮಾಡಿಸಿ, 20 ಲಕ್ಷದೊಳಗೆ ಸಣ್ಣ ಕೆಲಸಗಳನ್ನಷ್ಟೇ ಇಟ್ಟುಕೊಂಡರೆ ಹೇಗೆ ಎಂದು ಮೊನ್ನೆ ಲೆಕ್ಕದ ಹುಡುಗನನ್ನು ಕೇಳಿದೆ. ಆಗುತ್ತದೆ ಎಂದ. ಆದರೆ ಹಾಗೆ ಹೊರಬರುವಾಗ ಕೈಯಲ್ಲಿ ಉಳಿದ ಕಾಗದ, ರಟ್ಟು, ಶಾಯಿಗೆ ಪಡೆದಿದ್ದ ಹಿಂಪಡೆತವನ್ನೂ, ಯಂತ್ರದ ಮೇಲಿನದರಲ್ಲಿ ನಿಯಮದಂತೆ ಉಳಿದ ಪಾಲನ್ನೂ ಮರಳಿ ಕಟ್ಟಬೇಕು, ಮೂರು ತಿಂಗಳೊಳಗೆ ಕೊನೆಯ ರಿಟರ್ನ್ ತುಂಬಬೇಕು, ಮೊದಲು ದಾಸ್ತಾನು ಎಣಿಸಿರಿ ಎಂದ. ಬೈಂಡಿಂಗಿನ ನಾಲ್ವರು ಹೆಣ್ಣುಮಕ್ಕಳಲ್ಲಿ ಇಬ್ಬರಿಗೆ ಆಗ ಕೆಲಸ ಸಾಲುವುದಿಲ್ಲ ಎಂಬುದನ್ನು ಅವನು ಹೇಳಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ. ಅವರಿಗೆ ನಾನು ಇನ್ನೂ ಏನೂ ಹೇಳಿಲ್ಲ.

ಕಳೆದ ಭಾನುವಾರ ಗೋದಾಮಿನಲ್ಲಿ ಎಣಿಸಲು ಕುಳಿತೆ. ಮ್ಯಾಪ್‌ಲಿಥೋ, ಬಾಂಡ್, ಕಾರ್ಬನ್‌ಲೆಸ್, ಆರ್ಟ್ ಕಾರ್ಡು ಎಂದು ಬೇರೆ ಬೇರೆ ಬರೆಯುತ್ತ ಹೋದೆ. ಎಲ್ಲಕ್ಕಿಂತ ಹಿಂದೆ, ಗೋಡೆಗೆ ಒತ್ತಿ, ಪತ್ರಿಕೆಯ ಹಾಳೆಯಲ್ಲಿ ಸುತ್ತಿ ಸುತಳಿ ಕಟ್ಟಿದ ಒಂಬತ್ತು ರೀಮು ಸಿಕ್ಕವು. ತೋಂಟದಾರ್ಯ ಮಠದ ಜಾತ್ರೆಯ ದಿನಗಳಲ್ಲಿ ಅಂಗಡಿಕಾರರ ಹ್ಯಾಂಡ್‌ಬಿಲ್ಲಿಗೆಂದು ಅಪ್ಪ ತಂದಿಡುತ್ತಿದ್ದ ಹಳದಿ ಮತ್ತು ಗುಲಾಬಿ ಕಾಗದ. ಅಂಚು ಮಾತ್ರ ಕಂದಿದೆ, ಒಳಗೆ ಬಣ್ಣ ಹಾಗೆಯೇ ಇದೆ. ಕೊಂಡ ಬಿಲ್ಲು ಎಲ್ಲಿಯೂ ಇಲ್ಲ. ಪಟ್ಟಿಯಲ್ಲಿ ಅದಕ್ಕೊಂದು ಸಾಲು ಹಾಕಿ, ಬಣ್ಣದ ಕಾಗದ, ಒಂಬತ್ತು ರೀಮು ಎಂದು ಬರೆದು, ದರದ ಕಾಲಂ ಖಾಲಿ ಬಿಟ್ಟೆ.